ಸಿಟ್ಟಿಗೆ ಯೋಗ ಚಿಕಿತ್ಸೆ: ಅದರಲ್ಲಿ ಅಧ್ಯಾತ್ಮದ ಪಾಲೆಷ್ಟು?

ಪ್ರಶ್ನೆ: ನಾನು ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದ ನಿವಾಸಿ. ವಯಸ್ಸು ನಲವತ್ತು ದಾಟಿದೆ. ಕಚೇರಿಯಲ್ಲಿ ಹೇಗೋ ತಡೆದುಕೊಳ್ಳುತ್ತೇನೆ. ಸಂಜೆ ರಿಂಗ್ ರಸ್ತೆಯ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ತಲೆ ಕಾದಿರುತ್ತದೆ. ಮಗ ಹೋಂವರ್ಕ್ ಮಾಡಿಲ್ಲ ಎಂಬಷ್ಟಕ್ಕೇ ಕೂಗಾಡಿಬಿಡುತ್ತೇನೆ, ಆಮೇಲೆ ಬೇಸರಪಡುತ್ತೇನೆ. ಪರಿಚಯದವರು ಯೋಗ ಚಿಕಿತ್ಸೆಗೆ ಹೋಗಿ ಎಂದರು. ವಿಚಾರಿಸಿದಾಗ ಪ್ರಾಣಾಯಾಮ, ಓಂಕಾರ, ಧ್ಯಾನ, ಅಧ್ಯಾತ್ಮ ಎಂದೆಲ್ಲ ಹೇಳಿದರು. ಮೈ ಬಗ್ಗಿಸಿದರೆ ಸಿಟ್ಟು ಹೇಗೆ ಕಡಿಮೆಯಾಗುತ್ತದೆ? ನಾನು ಅಷ್ಟೇನೂ ದೈವಭಕ್ತನಲ್ಲ. ಅಧ್ಯಾತ್ಮವನ್ನು ಬಿಟ್ಟು ಇದನ್ನು ಮಾಡಬಹುದೇ? ಸಿಟ್ಟನ್ನೇ ಬಿಟ್ಟುಬಿಟ್ಟರೆ ಜನ ತಲೆಯ ಮೇಲೆ ಕೂರುವುದಿಲ್ಲವೇ?

ಉತ್ತರ: ನೀವು ಇದನ್ನು ಕೇಳಿದ್ದು ತುಂಬ ಒಳ್ಳೆಯದಾಯಿತು. ಸಿಟ್ಟು ಮಾಡಿ ಆಮೇಲೆ ಕೊರಗುವವರು ಬಹಳ ಮಂದಿ. ಅದು ಹೇಗೆ ಹುಟ್ಟುತ್ತದೆ, ಹೇಗೆ ಇಳಿಯುತ್ತದೆ ಎಂದು ಕೇಳಿ ತಿಳಿದುಕೊಳ್ಳುವವರು ಕಡಿಮೆ. ನಿಮ್ಮ ಪತ್ರದಲ್ಲಿ ಮೂರು ಅನುಮಾನಗಳಿವೆ. ಮೈಯ ಅಭ್ಯಾಸಕ್ಕೂ ಮನಸ್ಸಿನ ಸಿಟ್ಟಿಗೂ ಏನು ಸಂಬಂಧ ಎಂಬುದು ಒಂದು. ಸಿಟ್ಟು ಬಿಟ್ಟರೆ ದುರ್ಬಲರಾಗುತ್ತೇವೆಯೇ ಎಂಬುದು ಎರಡನೆಯದು. ಅಧ್ಯಾತ್ಮ ಕಡ್ಡಾಯವೇ ಎಂಬುದು ಮೂರನೆಯದು.

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಸಿಟ್ಟು ಮಾತಾಗಿ ಹೊರಬೀಳುವ ಮುನ್ನವೇ ಮೈಯಲ್ಲಿ, ಉಸಿರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಅಲ್ಲೇ ಗುರುತು ಹಿಡಿಯುವುದನ್ನು ಕಲಿಸಿ, ಮಾತಿಗೆ ಮುಂಚೆ ಒಂದಿಷ್ಟು ಬಿಡುವು ದೊರಕಿಸಿಕೊಡುವುದು ಯೋಗ ಚಿಕಿತ್ಸೆಯ ಕೆಲಸ. ಆ ಬಿಡುವಿನಲ್ಲಿ ನಿಮ್ಮ ಸಿಟ್ಟನ್ನು ನೀವೇ ನೋಡುವ ರೂಢಿ ಬಂದರೆ ಅಧ್ಯಾತ್ಮದ ಮೊದಲ ಹೆಜ್ಜೆ ಇಟ್ಟಂತೆಯೇ. ಮುಂದಿನ ಹೆಜ್ಜೆ ಇಡುವುದು ಬಿಡುವುದು ನಿಮ್ಮ ಇಷ್ಟ. ಈಗ ಒಂದೊಂದಾಗಿ ನೋಡೋಣ.

ಯೋಗ ತರಗತಿ ಬೇರೆ, ಯೋಗ ಚಿಕಿತ್ಸೆ ಬೇರೆ. ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಹತ್ತಾರು ಜನ ಸಾಲಾಗಿ ನಿಂತು ಸೂರ್ಯನಮಸ್ಕಾರ ಮಾಡುವುದು ತರಗತಿ. ಅಲ್ಲಿ ಎಲ್ಲರಿಗೂ ಒಂದೇ ಪಾಠ. ಚಿಕಿತ್ಸೆಯಲ್ಲಿ ನಿಮ್ಮ ವಯಸ್ಸು, ರಕ್ತದೊತ್ತಡ, ನಿದ್ರೆ, ಕೆಲಸದ ಹೊತ್ತು, ಸಿಟ್ಟು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನೆಲ್ಲ ಕೇಳಿ, ನಿಮಗೆ ಹೊಂದುವ ಅಭ್ಯಾಸವನ್ನಷ್ಟೇ ಕೊಡುತ್ತಾರೆ. ಇದಕ್ಕೆ ಕನ್ನಡ ನಾಡಿನಲ್ಲೇ ಆಳವಾದ ಬೇರಿದೆ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1933ರಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಅವರ 'ಯೋಗ ಮಕರಂದ' ಕನ್ನಡದಲ್ಲೇ ಬಂದ ಪುಸ್ತಕ. ಅಭ್ಯಾಸವನ್ನು ವ್ಯಕ್ತಿಗೆ ತಕ್ಕಂತೆ ಬದಲಿಸಬೇಕು ಎಂಬುದನ್ನು ಅವರ ಪರಂಪರೆ ಇಂದಿಗೂ ಒತ್ತಿ ಹೇಳುತ್ತದೆ.

ಬೆಂಗಳೂರಿನಲ್ಲಿ ಈ ವಿಷಯಕ್ಕೆ ಸಂಶೋಧನೆಯ ನೆಲೆ ಒದಗಿಸಿದವರಲ್ಲಿ ಡಾ. ಎಚ್.ಆರ್. ನಾಗೇಂದ್ರ ಮತ್ತು ಡಾ. ಆರ್. ನಾಗರತ್ನಾ ಪ್ರಮುಖರು. ನಾಗೇಂದ್ರ ಅವರು ಎಂಜಿನಿಯರಿಂಗ್‌ನಿಂದ ಯೋಗಕ್ಕೆ ಬಂದವರು, ನಾಗರತ್ನಾ ಅವರು ವೈದ್ಯರು. ಉಬ್ಬಸದ ರೋಗಿಗಳ ಮೇಲೆ ಯೋಗದ ಪರಿಣಾಮವನ್ನು ಪರೀಕ್ಷಿಸಿದ ಅವರ ಅಧ್ಯಯನ 1985ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿತ್ತು. ಅವರು ಕಟ್ಟಿದ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ ಜಿಗಣಿಯ ಬಳಿ ಪ್ರಶಾಂತಿ ಕುಟೀರದಲ್ಲಿದೆ. 2002ರಲ್ಲಿ ಅದು ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ಇವರ ಚಿಕಿತ್ಸಾ ಕ್ರಮಕ್ಕೆ ಎರಡು ಹಳೆಯ ವಿಚಾರಗಳು ಆಧಾರ. ಒಂದು, ತೈತ್ತಿರೀಯ ಉಪನಿಷತ್ತಿನ ಪಂಚಕೋಶಗಳು: ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಇನ್ನೊಂದು, ಯೋಗವಾಸಿಷ್ಠದಲ್ಲಿ ಬರುವ ಆಧಿ–ವ್ಯಾಧಿಗಳ ವಿವರಣೆ. ಮನಸ್ಸು ಕದಡಿದರೆ ಅದು ಆಧಿ. ಆಧಿ ಪ್ರಾಣದ ಸಂಚಾರವನ್ನು ಏರುಪೇರು ಮಾಡುತ್ತದೆ, ಅದರಿಂದ ಜೀರ್ಣಶಕ್ತಿ ಕೆಡುತ್ತದೆ, ಕೊನೆಗೆ ಅದೇ ದೇಹದ ವ್ಯಾಧಿಯಾಗಿ ನಿಲ್ಲುತ್ತದೆ. ಕೆಡುವ ದಾರಿ ಮನಸ್ಸಿನಿಂದ ಉಸಿರಿಗೆ, ಉಸಿರಿನಿಂದ ಮೈಗೆ. ಹಾಗಾದರೆ ಸರಿಪಡಿಸುವಾಗ ಮೈಯಿಂದ ಉಸಿರಿಗೆ, ಉಸಿರಿನಿಂದ ಮನಸ್ಸಿಗೆ ಹಿಂದಿರುಗಬಹುದು ಎಂಬುದು ಇಲ್ಲಿನ ತರ್ಕ. ನಿಮ್ಮ ಮೊದಲ ಅನುಮಾನಕ್ಕೆ ಉತ್ತರ ಶುರುವಾಗುವುದು ಇಲ್ಲಿಂದಲೇ.

ಸಿಟ್ಟು ಬಂದಾಗ ಮೈಯಲ್ಲಿ ಏನಾಗುತ್ತದೆ? ಸಂಜೆ ನಾಗರಬಾವಿ ಕಡೆಯ ಸಿಗ್ನಲ್‌ನಲ್ಲಿ ನೀವು ನಿಂತಿದ್ದೀರಿ ಎನ್ನಿ. ಪಕ್ಕದಿಂದ ಒಬ್ಬ ನುಗ್ಗಿ ಬಂದು ಅಡ್ಡ ನಿಲ್ಲುತ್ತಾನೆ. ನೀವು ಇನ್ನೂ ಬಾಯಿ ತೆರೆದಿಲ್ಲ. ಅಷ್ಟರಲ್ಲೇ ದವಡೆ ಕಚ್ಚಿಕೊಂಡಿರುತ್ತದೆ, ಹೆಗಲು ಕಿವಿಯತ್ತ ಏರಿರುತ್ತದೆ, ಕೈ ಹ್ಯಾಂಡಲನ್ನೋ ಸ್ಟೀರಿಂಗನ್ನೋ ಬಿಗಿಯಾಗಿ ಹಿಡಿದಿರುತ್ತದೆ, ಉಸಿರು ಹೊಟ್ಟೆಯನ್ನು ಬಿಟ್ಟು ಎದೆಯ ಮೇಲ್ಭಾಗದಲ್ಲೇ ಚುಟುಕಾಗಿ ಆಡುತ್ತಿರುತ್ತದೆ. ಮಿದುಳಿನ ಒಳಭಾಗದಲ್ಲಿರುವ ಅಮಿಗ್ಡಲಾ ಎಂಬ ಪುಟ್ಟ ಭಾಗ ಅಪಾಯದ ಸೂಚನೆ ಕೊಟ್ಟಿದೆ. ಅಡ್ರಿನಲಿನ್ ಹರಿದಿದೆ, ಎದೆಬಡಿತ ಏರಿದೆ. ವಿವೇಚನೆ ಮಾಡುವ ಮಿದುಳಿನ ಮುಂಭಾಗಕ್ಕೆ ಪೂರ್ತಿ ಲೆಕ್ಕ ಹಾಕಲು ಸಮಯವೇ ಸಿಕ್ಕಿಲ್ಲ. ಮನೆ ತಲುಪಿದರೂ ಮೈಯ ಆ ಬಿಗಿ ಇಳಿದಿರುವುದಿಲ್ಲ. 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂದು ನಮ್ಮವರು ಗಾದೆ ಕಟ್ಟಿದ್ದು ಇಂಥದ್ದಕ್ಕೇ. ರಸ್ತೆಯಲ್ಲಿ ಹುಟ್ಟಿದ್ದು ಮಗನ ಹೋಂವರ್ಕ್ ಪುಸ್ತಕದ ಮೇಲೆ ಬೀಳುತ್ತದೆ.

ಕದಡಿದ ಮನಸ್ಸಿನ ಜೊತೆಗೇ ಬರುವ ಲಕ್ಷಣಗಳೆಂದು ಪತಂಜಲಿಯ ಯೋಗಸೂತ್ರಗಳ ಮೊದಲ ಪಾದದಲ್ಲಿ ನಾಲ್ಕನ್ನು ಎಣಿಸಲಾಗಿದೆ: ದುಃಖ, ಮನಸ್ಸು ಕುಗ್ಗುವುದು, ಮೈ ನಡುಗುವುದು, ಉಸಿರಾಟ ಕ್ರಮ ತಪ್ಪುವುದು. ಈ ಪಟ್ಟಿಯನ್ನು ಗಮನವಿಟ್ಟು ನೋಡಿ. ಮೊದಲ ಎರಡು ಮನಸ್ಸಿನವು. ಅವಕ್ಕೆ ನೇರವಾಗಿ ಅಪ್ಪಣೆ ಕೊಡಲಾಗುವುದಿಲ್ಲ. 'ಸಿಟ್ಟೇ, ಇಳಿ' ಎಂದರೆ ಅದು ಇಳಿಯುವುದಿಲ್ಲ. ಎದೆಬಡಿತಕ್ಕೂ ಅಪ್ಪಣೆ ಮಾಡಲಾರೆವು. ಆದರೆ ಉಸಿರು ತಾನಾಗಿಯೂ ನಡೆಯುತ್ತದೆ, ನಾವು ನಡೆಸಿದಂತೆಯೂ ನಡೆಯುತ್ತದೆ. ಯೋಗ ಚಿಕಿತ್ಸೆ ಹಿಡಿಯುವುದು ಈ ಎಳೆಯನ್ನೇ.

ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಇದನ್ನು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಸಿ, ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ಉದ್ದ ಮಾಡಿದಾಗ ವೇಗಸ್ ನರದ ಮೂಲಕ ಹೃದಯಕ್ಕೆ ನಿಧಾನಿಸುವ ಸೂಚನೆ ಹೋಗುತ್ತದೆ. ಎದೆಬಡಿತ ತಗ್ಗುತ್ತದೆ, ಮೈ ಸಡಿಲಗೊಳ್ಳುತ್ತದೆ. ಆಸನಗಳ ಪಾಲೂ ಇದೇ. ಬಿಗಿದ ಹೆಗಲು, ಕುತ್ತಿಗೆ, ಬೆನ್ನುಗಳನ್ನು ನಿಧಾನವಾಗಿ ಹಿಗ್ಗಿಸಿ ಸಡಿಲಬಿಟ್ಟಾಗ ಬಿಗಿ ಎಂದರೆ ಹೇಗಿರುತ್ತದೆ, ಸಡಿಲ ಎಂದರೆ ಹೇಗಿರುತ್ತದೆ ಎಂಬ ವ್ಯತ್ಯಾಸ ಮೈಗೆ ತಿಳಿಯುತ್ತದೆ. ಒಮ್ಮೆ ಆ ವ್ಯತ್ಯಾಸ ತಿಳಿದವರಿಗೆ ಸಿಗ್ನಲ್‌ನಲ್ಲಿ ದವಡೆ ಬಿಗಿಯುವಾಗಲೇ ಎಚ್ಚರವಾಗುತ್ತದೆ.

ಇನ್ನು ನಿಮ್ಮ ಎರಡನೆಯ ಅನುಮಾನ. ಇಲ್ಲಿ ಬಹಳ ಜನರಿಗಾಗುವ ಒಂದು ಗೊಂದಲವನ್ನು ಬಿಡಿಸಬೇಕು. ಸಿಟ್ಟಿನ ವಿಷಯದಲ್ಲಿ ಇರುವುದು ಎರಡೇ ದಾರಿ ಎಂದು ನಾವು ತಿಳಿದಿರುತ್ತೇವೆ: ಒಂದೋ ಕಾರಿಬಿಡಬೇಕು, ಇಲ್ಲವೇ ನುಂಗಿಕೊಳ್ಳಬೇಕು. ಕುಕ್ಕರಿನ ಸೀಟಿಯಂತೆ ಆವಿ ಹೊರಹೋದರೆ ಒತ್ತಡ ಇಳಿಯುತ್ತದೆ ಎಂದು ಕಾರುವವರು ಹೇಳುತ್ತಾರೆ. ಮನುಷ್ಯರ ಸಿಟ್ಟು ಹಾಗೆ ನಡೆದುಕೊಳ್ಳುವುದಿಲ್ಲ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸಿಟ್ಟಿನ ಬಗೆಗಿನ 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ ಪಾಲ್ಗೊಂಡವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ದೀರ್ಘ ಉಸಿರಾಟ, ಧ್ಯಾನ, ಯೋಗದಂಥ ಮೈಯ ಉದ್ರೇಕವನ್ನು ಇಳಿಸುವ ಅಭ್ಯಾಸಗಳು ಸಿಟ್ಟನ್ನು ಕಡಿಮೆ ಮಾಡಿದ್ದವು. ಉದ್ರೇಕವನ್ನು ಏರಿಸುವ ಚಟುವಟಿಕೆಗಳಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಜಾಗಿಂಗ್ ಅಂತೂ ಸಿಟ್ಟನ್ನು ಹೆಚ್ಚಿಸುವ ಕಡೆಗೇ ವಾಲಿತ್ತು. ಓಡುವುದು ಹೃದಯಕ್ಕೆ ಒಳ್ಳೆಯದು, ಖಂಡಿತ ಓಡಿ. ಸಿಟ್ಟು ನೆತ್ತಿಗೇರಿದ ಗಳಿಗೆಗೆ ಮಾತ್ರ ಅದು ಮದ್ದಲ್ಲ.

ಹಾಗೆಂದು ನುಂಗಿಕೊಳ್ಳುವುದೂ ಪರಿಹಾರವಲ್ಲ. ಈ ವಿಷಯದಲ್ಲಿ ಚರಕಸಂಹಿತೆಯ ಒಂದು ಅಧ್ಯಾಯ ನನಗೆ ಬಹಳ ಉಪಯುಕ್ತವೆನಿಸಿದೆ. ತಡೆಯಬಾರದ ಹದಿಮೂರು ವೇಗಗಳನ್ನು, ಎಂದರೆ ದೇಹದ ಸಹಜ ಒತ್ತಡಗಳನ್ನು, ಅಲ್ಲಿ ಪಟ್ಟಿ ಮಾಡಿದ್ದಾರೆ: ಮಲಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು ಇತ್ಯಾದಿ. ಅದಾದ ಮೇಲೆ ತಡೆಯಲೇಬೇಕಾದವುಗಳ ಪಟ್ಟಿ ಬರುತ್ತದೆ. ಮನಸ್ಸಿನ ಮಟ್ಟದಲ್ಲಿ ಲೋಭ, ಶೋಕ, ಭಯ, ಕ್ರೋಧ, ಅಸೂಯೆಯಂಥವು. ಮಾತಿನ ಮಟ್ಟದಲ್ಲಿ ಕಟುನುಡಿ, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ಮಾತು. ದೇಹದ ಮಟ್ಟದಲ್ಲಿ ಇನ್ನೊಬ್ಬರಿಗೆ ನೋವುಂಟುಮಾಡುವ ಕೆಲಸ. ಎರಡೂ ಪಟ್ಟಿಗಳನ್ನು ಜೊತೆಗಿಟ್ಟು ನೋಡಿ: ಕಣ್ಣೀರನ್ನು ತಡೆಯಬೇಡಿ, ಕಟುನುಡಿಯನ್ನು ತಡೆಯಿರಿ. ಒಳಗೆ ನೋವಿಲ್ಲವೆಂದು ನಟಿಸಲು ಅದು ಹೇಳುವುದಿಲ್ಲ. ನೋವು ಬಾಯಿಂದ ಬೈಗುಳವಾಗಿ, ಕೈಯಿಂದ ಏಟಾಗಿ ಹೊರಡುವ ನೂಕನ್ನು ಹಿಡಿದು ನಿಲ್ಲಿಸಲು ಹೇಳುತ್ತದೆ.

ಕಾರುವುದು, ನುಂಗುವುದು ಎರಡನ್ನೂ ಬಿಟ್ಟ ಮೂರನೆಯ ದಾರಿ ಇದೇ. ಸಿಟ್ಟು ಬಂದಿದೆ ಎಂದು ಒಪ್ಪಿಕೊಳ್ಳುವುದು, ಮೈಯ ಉದ್ರೇಕ ಇಳಿಯುವವರೆಗೆ ಮಾತನ್ನು ಹಿಡಿಯುವುದು, ಇಳಿದ ಮೇಲೆ ಹೇಳಬೇಕಾದ್ದನ್ನು ನೇರವಾಗಿ ಹೇಳುವುದು. ಮೂರನೆಯ ಭಾಗವನ್ನು ಬಿಟ್ಟರೆ ಅದು ಮತ್ತೆ ನುಂಗಿಕೊಂಡಂತೆಯೇ. ಕಚೇರಿಯಲ್ಲಿ ಹೇಗೋ ತಡೆದುಕೊಳ್ಳುತ್ತೇನೆ ಎಂದಿದ್ದೀರಿ. ಅಲ್ಲಿ ನಿಜವಾಗಿ ಅನ್ಯಾಯವಾಗುತ್ತಿದ್ದರೆ ಅದನ್ನು ಶಾಂತವಾಗಿ, ಸ್ಪಷ್ಟವಾಗಿ ಹೇಳುವುದೂ ಈ ಚಿಕಿತ್ಸೆಯ ಭಾಗವೇ.

ಜನ ತಲೆಯ ಮೇಲೆ ಕೂರುತ್ತಾರೆಯೇ ಎಂದು ಕೇಳಿದಿರಿ. ಪಂಪನ 'ಆದಿಪುರಾಣ' ಹೇಳುವ ಬಾಹುಬಲಿಯ ಕಥೆ ನಿಮಗೆ ಗೊತ್ತಿರುತ್ತದೆ. ದೃಷ್ಟಿಯುದ್ಧ, ಜಲಯುದ್ಧಗಳಲ್ಲಿ ಗೆದ್ದು, ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಕೆಳಗಿಳಿಸುತ್ತಾನೆ. ಅಪ್ಪಳಿಸುವ ಬಲ ಇಲ್ಲದೆ ಅಲ್ಲ. ಬಲ ಪೂರ್ತಿ ಕೈಯಲ್ಲಿದ್ದಾಗಲೇ ತಡೆದ. ಶ್ರವಣಬೆಳಗೊಳದ ಬೆಟ್ಟದ ಮೇಲಿನ ಗೊಮ್ಮಟನನ್ನು ದುರ್ಬಲನೆಂದು ಯಾರೂ ಅಂದುಕೊಂಡಿಲ್ಲ. ಕೂಗಾಡುವವರ ಮಾತಿಗೆ ಮಕ್ಕಳು ಹೆದರುತ್ತಾರೆ, ಆದರೆ ಕಿವಿಗೊಡುವುದಿಲ್ಲ. ಮೆಲುದನಿಯಲ್ಲಿ 'ಇದು ನನಗೆ ಒಪ್ಪಿಗೆಯಿಲ್ಲ' ಎನ್ನಬಲ್ಲವರ ಮಾತಿಗೆ ಹೆಚ್ಚು ತೂಕ.

ಇದಕ್ಕೆಲ್ಲ ಪುರಾವೆ ಏನು ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ಜಿಗಣಿಯ ಅದೇ ಸಂಸ್ಥೆಯ ಸಂಶೋಧಕರಾದ ಸುಧೀರ್ ದೇಶಪಾಂಡೆ, ನಾಗೇಂದ್ರ ಮತ್ತು ನಾಗರತ್ನಾ ಅವರು ಮಾತಿನ ಆಕ್ರಮಣಶೀಲತೆಯ ಬಗ್ಗೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 17ರಿಂದ 62 ವರ್ಷದ 226 ಆರೋಗ್ಯವಂತರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ಧ್ಯಾನ, ವಿಚಾರ, ಭಜನೆ ಸೇರಿದ ಯೋಗ. ಇನ್ನೊಂದಕ್ಕೆ ಸಾಧಾರಣ ವ್ಯಾಯಾಮ. ಎರಡೂ ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ, ಎಂಟು ವಾರ. ಕೊನೆಯವರೆಗೆ ಉಳಿದವರು 173 ಮಂದಿ. ಯೋಗದ ಗುಂಪಿನಲ್ಲಿ ಮಾತಿನ ಆಕ್ರಮಣಶೀಲತೆ ಗಮನಾರ್ಹವಾಗಿ ಇಳಿದಿತ್ತು. ವ್ಯಾಯಾಮದ ಗುಂಪಿನಲ್ಲಿ ಇಳಿದಿರಲಿಲ್ಲ. ಅಳತೆಗೆ ಬಳಸಿದ್ದು ಪಾಲ್ಗೊಂಡವರೇ ತುಂಬುವ ಪ್ರಶ್ನಾವಳಿ ಎಂಬುದು, ಬಹಳ ಮಂದಿ ನಡುವೆ ಬಿಟ್ಟುಹೋದರು ಎಂಬುದು ನಮ್ಮ ನೆನಪಿನಲ್ಲಿರಬೇಕು. ಆದರೂ ಎಂಟು ವಾರ ಎಂಬ ಅವಧಿ ನಿಮಗೆ ಒಳ್ಳೆಯ ಗುರುತುಗಲ್ಲು.

ನಿಮ್ಹಾನ್ಸ್‌ನಲ್ಲಿ ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ಓಂಕಾರ ಹೇಳುವಾಗ ಮಿದುಳಿನಲ್ಲಿ ಏನಾಗುತ್ತದೆ ಎಂದು ಎಫ್‌ಎಂಆರ್‌ಐ ಯಂತ್ರದಲ್ಲಿ ನೋಡಿದರು. ಫಲಿತಾಂಶ 2011ರಲ್ಲಿ ಬಂತು. ಹೋಲಿಕೆಗೆ 'ಸ್‌ಸ್‌ಸ್' ಎಂಬ ಅರ್ಥವಿಲ್ಲದ ಸದ್ದನ್ನು ಹೇಳಿಸಿದ್ದರು. ಓಂಕಾರದ ಹೊತ್ತಿನಲ್ಲಿ ಅಮಿಗ್ಡಲಾ ಸೇರಿದಂತೆ ಭಾವನೆಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತ್ತು. 'ಸ್‌ಸ್‌ಸ್' ಎಂದಾಗ ಹಾಗಾಗಲಿಲ್ಲ. ಇದು ಕೆಲವೇ ಜನರ ಮೇಲೆ ಮಾಡಿದ ಆರಂಭಿಕ ಅಧ್ಯಯನ. ಅಂತಿಮ ತೀರ್ಪೆಂದು ತಿಳಿಯಬೇಡಿ. ಓಂಕಾರವನ್ನು ಚಿಕಿತ್ಸೆಯಲ್ಲಿ ಯಾಕೆ ಸೇರಿಸುತ್ತಾರೆ ಎಂಬ ನಿಮ್ಮ ಕುತೂಹಲಕ್ಕೆ ಇದು ಒಂದು ಉತ್ತರ.

ಈಗ ಅಭ್ಯಾಸಕ್ಕೆ ಬರೋಣ. ಚಿಕಿತ್ಸಕರು ನಿಮ್ಮನ್ನು ನೋಡಿ ಹೇಳುವುದೇ ಕೊನೆಯ ಮಾತು. ಸಾಮಾನ್ಯ ಕ್ರಮ ಹೀಗಿರುತ್ತದೆ.

ಮೊದಲ ಐದು ನಿಮಿಷ ಕುತ್ತಿಗೆ, ಹೆಗಲು, ಸೊಂಟಗಳಿಗೆ ಶಿಥಿಲೀಕರಣದ ಚಲನೆಗಳು. ಆಮೇಲೆ ಅರ್ಧಕಟಿ ಚಕ್ರಾಸನ. ಕಣ್ಣು ಮುಚ್ಚಿ, ಬಲಗೈಯನ್ನು ಬಹಳ ನಿಧಾನವಾಗಿ ಪಕ್ಕದಿಂದ ಮೇಲೆತ್ತಿ, ಎಡಕ್ಕೆ ಬಾಗಿ, ಅಷ್ಟೇ ನಿಧಾನವಾಗಿ ಹಿಂದಿರುಗಬೇಕು. ಕೈ ಇಳಿದ ಮೇಲೆ ಸುಮ್ಮನೆ ನಿಂತು ಎರಡೂ ಕೈಗಳನ್ನು ಮನಸ್ಸಿನಲ್ಲೇ ಹೋಲಿಸಿ ನೋಡಿ. ಎತ್ತಿದ ಕೈಯ ಬೆರಳ ತುದಿಯಲ್ಲಿ ಜುಮುಗುಡುವಿಕೆ, ಒಂದಿಷ್ಟು ಬಿಸುಪು ಗೊತ್ತಾಗುತ್ತದೆ. ಮೈಯ ಸಣ್ಣ ಸೂಚನೆಯನ್ನು ಗಮನಿಸುವ ಈ ಸೂಕ್ಷ್ಮತೆಯೇ ಮುಂದೆ ಸಿಟ್ಟಿನ ಸುಳಿವನ್ನು ಹಿಡಿಯುವ ಸಾಧನ. ಜಿಗಣಿಯ ಸಂಸ್ಥೆ ರೂಪಿಸಿದ ಆವರ್ತನ ಧ್ಯಾನವೂ ಹೀಗೇ ಚಲನೆ, ವಿಶ್ರಾಂತಿಗಳನ್ನು ಒಂದಾದ ಮೇಲೊಂದು ಜೋಡಿಸುತ್ತದೆ. ಅದರ ಮೂಲ ಗೌಡಪಾದರ ಮಾಂಡೂಕ್ಯ ಕಾರಿಕೆಯ ವಿಚಾರ: ಜಡ್ಡುಗಟ್ಟಿದ ಮನಸ್ಸನ್ನು ಎಬ್ಬಿಸಬೇಕು, ಚೆದುರಿದ್ದನ್ನು ಶಮನ ಮಾಡಬೇಕು.

ನಂತರ ಶಶಾಂಕಾಸನ, ಕೆಲವು ನಿಮಿಷ ಶವಾಸನ. ಎದ್ದು ಕುಳಿತು ನಾಡಿಶುದ್ಧಿ ಪ್ರಾಣಾಯಾಮ ಒಂಬತ್ತು ಸುತ್ತು. ಉಸಿರು ಹಿಡಿಯುವುದು ಬೇಡ, ಬಿಡುವುದು ಉದ್ದವಾಗಿರಲಿ. ಆಮೇಲೆ ಭ್ರಾಮರಿ ಐದರಿಂದ ಒಂಬತ್ತು ಸಲ. ತುಟಿ ಮುಚ್ಚಿ, ಹಲ್ಲುಗಳ ನಡುವೆ ಚೂರು ಅಂತರವಿಟ್ಟು ದುಂಬಿಯ ಝೇಂಕಾರ ಮಾಡಿ. ಹಲ್ಲು ಕಚ್ಚಿಕೊಂಡು ಭ್ರಾಮರಿ ಸರಿಯಾಗಿ ಮಾಡಲಾಗದು. ದವಡೆ ತಾನಾಗಿ ಸಡಿಲವಾಗುತ್ತದೆ. ಕೊನೆಗೆ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳುವುದು. ಎಲ್ಲ ಸೇರಿ ಅರ್ಧ ಗಂಟೆ.

ಎರಡು ಎಚ್ಚರಿಕೆಗಳು. ರಕ್ತದೊತ್ತಡ, ಹೃದಯದ ತೊಂದರೆ, ಗ್ಲಾಕೋಮಾ ಇರುವವರು ತಲೆ ತಗ್ಗಿಸುವ ಆಸನಗಳನ್ನೂ ಉಸಿರು ಹಿಡಿಯುವುದನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ಸಿಟ್ಟಿನ ಸ್ವಭಾವದವರು ಭಸ್ತ್ರಿಕಾದಂಥ ವೇಗದ ಉಸಿರಾಟವನ್ನು ತಾವಾಗಿ ಶುರುಮಾಡುವುದೂ ಬೇಡ. ನಿಮಗೆ ಬೇಕಾಗಿರುವುದು ಇಳಿಸುವ ಅಭ್ಯಾಸ.

ಬೆಳಗಿನ ಈ ಅರ್ಧ ಗಂಟೆ ತಯಾರಿ ಮಾತ್ರ. ನಿಜವಾದ ಪ್ರಯೋಗ ಸಂಜೆಯದು. ಸಿಗ್ನಲ್‌ನಲ್ಲಿ ನಿಂತಾಗ ಕಣ್ಣು ಮುಚ್ಚಬೇಡಿ, ಉಸಿರು ಹಿಡಿಯಬೇಡಿ. ಹೆಗಲು ಇಳಿಬಿಟ್ಟು ಉಸಿರನ್ನು ಉದ್ದವಾಗಿ ಹೊರಬಿಡಿ, ಅಷ್ಟೇ. ಮನೆಯ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ ಒಳಗೆ ಹೋಗದೆ ಹತ್ತು ದೀರ್ಘ ಉಸಿರಿನಷ್ಟು ಹೊತ್ತು ಅಲ್ಲೇ ಇರಿ. ಒಳಗೆ ಹೋಗಿ ಕೈಕಾಲು ತೊಳೆದು, ನೀರು ಕುಡಿದು, ಆಮೇಲೆ ಮಗನ ಹತ್ತಿರ ಕುಳಿತುಕೊಳ್ಳಿ. ಹೋಂವರ್ಕಿನ ಮಾತು ಮೊದಲ ಮಾತಾಗದಿರಲಿ. ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರಬೇಕೆಂಬ ಹಳೆಯ ಮನೆಗಳ ಪದ್ಧತಿ ಈ ಹೊತ್ತಿಗೂ ಕೆಲಸಕ್ಕೆ ಬರುತ್ತದೆ.

ಇನ್ನು ಮೂರನೆಯ ಅನುಮಾನ, ಅಧ್ಯಾತ್ಮ. ದೈವಭಕ್ತರಲ್ಲದವರಿಗೆ ಯೋಗ ಚಿಕಿತ್ಸೆ ಫಲಿಸುವುದೇ ಎಂದರೆ, ಉಸಿರು ನಿಧಾನವಾಗುವುದರ ಫಲ ನಂಬಿಕೆಯನ್ನು ಕೇಳುವುದಿಲ್ಲ. ಇಟಲಿಯ ಸಂಶೋಧಕರು 23 ಆರೋಗ್ಯವಂತರ ಮೇಲೆ ಮಾಡಿ, 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಲ್ಯಾಟಿನ್ ಭಾಷೆಯ ಆವೆ ಮರಿಯಾ ಜಪವನ್ನೂ ಯೋಗದ ಮಂತ್ರವೊಂದನ್ನೂ ಅವರಿಂದ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯದ ಲಯ ಒಂದೇ ಬಗೆಯಲ್ಲಿ ಸುಧಾರಿಸಿತು. ಹಾಗಾಗಿ ಓಂಕಾರ ಬೇಡವೆನಿಸಿದರೆ ಬರಿಯ ಝೇಂಕಾರ ಸಾಕು. ನಿಮ್ಮ ಮನೆಯ ರೂಢಿಯ ಪ್ರಾರ್ಥನೆ, ನಾಮಸ್ಮರಣೆ, ಅಂಗೈಯ ಇಷ್ಟಲಿಂಗದಲ್ಲಿ ನೆಡುವ ದೃಷ್ಟಿ, ಜೈನರ ಸಾಮಾಯಿಕ ಯಾವುದಾದರೂ ಆಗಬಹುದು.

ಹಾಗಿದ್ದರೆ ಅಧ್ಯಾತ್ಮದ ಮಾತು ಎಲ್ಲಿಂದ ಬಂತು? ಉಸಿರು ಸಿಟ್ಟಿನ ಆವೇಗವನ್ನು ಇಳಿಸುತ್ತದೆ, ಸಿಟ್ಟಿನ ಬೇರನ್ನು ಮುಟ್ಟುವುದಿಲ್ಲ. ಭಗವದ್ಗೀತೆಯ ಎರಡನೆಯ ಅಧ್ಯಾಯ ಆ ಬೇರನ್ನು ಹಂತಹಂತವಾಗಿ ತೋರಿಸುತ್ತದೆ: ಒಂದು ವಿಷಯವನ್ನೇ ಮನಸ್ಸು ಮೆಲುಕು ಹಾಕುತ್ತಿದ್ದರೆ ಅದಕ್ಕೆ ಅಂಟಿಕೊಳ್ಳುತ್ತದೆ, ಅಂಟಿನಿಂದ ಬಯಕೆ, ಬಯಕೆಗೆ ಅಡ್ಡಿಯಾದಾಗ ಕೋಪ, ಕೋಪದಿಂದ ಮಂಕು, ಮಂಕಿನಲ್ಲಿ ಕಲಿತದ್ದು ಮರೆತು ಬುದ್ಧಿ ಕೆಡುವುದು. ಮಗನ ಹೋಂವರ್ಕಿಗೇ ಇದನ್ನು ಹಚ್ಚಿ ನೋಡಿ. ಸಿಟ್ಟಿನ ಕೆಳಗೆ 'ನಾನು ಹೇಳಿದ್ದು ನಡೆಯಬೇಕು' ಎಂಬ ಬಯಕೆ ಇರಬಹುದು. ಅದರ ಕೆಳಗೆ 'ಇವನು ಹಿಂದೆ ಬಿದ್ದರೆ ಗತಿಯೇನು' ಎಂಬ ಭಯ ಇರಬಹುದು. ಇನ್ನೂ ಕೆಳಗೆ ಮಗನ ಮೇಲಿನ ಪ್ರೀತಿಯೇ ಇರಬಹುದು. ಇದನ್ನು ಕಾಣುವುದಕ್ಕೆ ಯಂತ್ರವಿಲ್ಲ. ನೀವೇ ಕುಳಿತು ನೋಡಬೇಕು. ಹಾಗೆ ನೋಡುವಾಗ ಒಂದು ಸಂಗತಿ ಹೊಳೆಯುತ್ತದೆ. ಸಿಟ್ಟನ್ನು ನೋಡಬಲ್ಲೆ ಎಂದಾದರೆ, ನೋಡುವವನು ಆ ಸಿಟ್ಟಿಗಿಂತ ಬೇರೆಯಾಗಿರಬೇಕು. ಅವನು ಯಾರು? ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳುವುದನ್ನೇ ನಮ್ಮ ಪರಂಪರೆಗಳು ಅಧ್ಯಾತ್ಮ ಎಂದಿವೆ. ಉತ್ತರ ಆತ್ಮವೋ, ದೇವರೋ, ಬರಿಯ ಅರಿವೋ ಎಂಬುದರಲ್ಲಿ ಅವುಗಳೊಳಗೇ ಭಿನ್ನಮತವಿದೆ. ನೀವು ಇಂದೇ ಯಾವುದನ್ನೂ ಒಪ್ಪಬೇಕಾಗಿಲ್ಲ.

ಸಂಬಂಧಗಳಿಗಾಗಿ ಪತಂಜಲಿಯಲ್ಲಿ ನಾಲ್ಕು ಮನೋಭಾವಗಳ ಸಲಹೆಯೂ ಇದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಒಳ್ಳೆಯವರಲ್ಲಿ ಸಂತೋಷ, ಕೆಟ್ಟದ್ದು ಮಾಡುವವರಲ್ಲಿ ಉಪೇಕ್ಷೆ. ಸಿಗ್ನಲ್‌ನಲ್ಲಿ ಅಡ್ಡ ಬಂದವನಿಗೆ ಕೊನೆಯದು ಸಾಕು. ಮಗನಿಗೆ ಮೊದಲನೆಯದು ಬೇಕು. ಎದುರಿನವರಿಗಿಂತ ಮೊದಲು ಕೋಪಿಸಿಕೊಂಡವರನ್ನೇ ಕೋಪ ಕೆಡಿಸುತ್ತದೆ ಎಂಬ ತಿಳಿವಳಿಕೆ ಬಸವಣ್ಣನವರ ವಚನದಲ್ಲೂ ಇದೆ. ಆದರೆ ಅಧ್ಯಾತ್ಮದ ಹೆಸರಿನಲ್ಲಿ 'ನನಗೆ ಸಿಟ್ಟೇ ಬರುವುದಿಲ್ಲ' ಎಂದು ಮುಖವಾಡ ಹಾಕಿಕೊಳ್ಳಬೇಡಿ. ಹಾಗೆ ಮುಚ್ಚಿಟ್ಟ ಸಿಟ್ಟು ಚುಚ್ಚುಮಾತಾಗಿ, ಮೌನವಾಗಿ ಮನೆಯವರನ್ನೇ ಕಾಡುತ್ತದೆ.

ಎಲ್ಲಿ ಕಲಿಯಬೇಕು? ಜಿಗಣಿ ನಿಮ್ಮ ಬಡಾವಣೆಗೆ ದೂರ. ದಿನವೂ ಹೋಗಿಬರುವುದು ಕಷ್ಟ. ಹತ್ತಿರದಲ್ಲಿ ಕಲಿಸುವವರನ್ನು ಹುಡುಕುವಾಗ ಅವರ ತರಬೇತಿಯನ್ನು ಸಂಕೋಚವಿಲ್ಲದೆ ಕೇಳಿ. ಬಿಎನ್‌ವೈಎಸ್ ಪದವೀಧರರು ಐದೂವರೆ ವರ್ಷ ಓದಿದ ಯೋಗ ಮತ್ತು ನಿಸರ್ಗ ಚಿಕಿತ್ಸಾ ವೈದ್ಯರು. ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡ್ ಚಿಕಿತ್ಸಕರಿಗೂ ಪ್ರಮಾಣಪತ್ರ ಕೊಡುತ್ತದೆ. ನಿಮ್ಮ ಆರೋಗ್ಯದ ವಿವರ ಕೇಳದೆ ಅಭ್ಯಾಸ ಶುರುಮಾಡಿಸುವವರನ್ನು, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಎನ್ನುವವರನ್ನು ದೂರವಿಡಿ.

ಯೋಗವೊಂದೇ ಸಾಲದ ಸಂದರ್ಭಗಳೂ ಇವೆ. ನಿದ್ರೆ ಕೆಟ್ಟಿದ್ದರೆ, ಕುಡಿತ ಜೊತೆಗಿದ್ದರೆ, ಖಿನ್ನತೆ ಕಾಡುತ್ತಿದ್ದರೆ, ಥೈರಾಯ್ಡ್ ಅಥವಾ ರಕ್ತದೊತ್ತಡದ ಅನುಮಾನವಿದ್ದರೆ ಮೊದಲು ವೈದ್ಯರನ್ನು ನೋಡಿ. ನಿಮ್ಹಾನ್ಸ್‌ನ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗದಲ್ಲಿ ವೈದ್ಯಕೀಯ ಚಿಕಿತ್ಸೆಯೂ ಯೋಗವೂ ಒಟ್ಟಿಗೆ ನಡೆಯುತ್ತವೆ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಸಿಗುತ್ತದೆ. ಸಿಟ್ಟು ಕೈ ಮಾಡುವ ಮಟ್ಟಕ್ಕೆ ಹೋಗಿದ್ದರೆ ಎಂಟು ವಾರ ಕಾಯಬೇಡಿ, ಅಂದೇ ನೆರವು ಪಡೆಯಿರಿ. ಅಂಥ ಮನೆಯಲ್ಲಿ ತೊಂದರೆಗೆ ಸಿಲುಕಿದವರಿಗೆ 112, ಮಹಿಳೆಯರಿಗೆ 181 ಇದೆ.

ಕೊನೆಯದಾಗಿ, ಪ್ರಗತಿಯನ್ನು ಅಳೆಯುವ ಬಗೆ. 'ಸಿಟ್ಟು ಪೂರ್ತಿ ಹೋಯಿತೇ?' ಎಂದು ಕೇಳಿಕೊಂಡರೆ ನಿರಾಶೆಯಾಗುತ್ತದೆ. ಸಣ್ಣ ನೋಟುಪುಸ್ತಕದಲ್ಲಿ ರಾತ್ರಿ ಮೂರು ಸಂಗತಿ ಬರೆದಿಡಿ: ಇಂದು ಎಷ್ಟು ಸಲ ದನಿ ಏರಿತು, ಅದು ಏರುವ ಮುಂಚೆ ಮೈಯಲ್ಲಿ ಸುಳಿವು ಸಿಕ್ಕಿತೇ, ಮತ್ತೆ ಮಾಮೂಲಾಗಿ ಮಾತಾಡಲು ಎಷ್ಟು ಹೊತ್ತು ಬೇಕಾಯಿತು. ಹೆಚ್ಚಿನವರಲ್ಲಿ ಮೊದಲು ಬದಲಾಗುವುದು ಮೂರನೆಯದು, ಬೇಗ ಇಳಿಯುತ್ತದೆ. ಆಮೇಲೆ ಎರಡನೆಯದು; ಮುಂಚೆಯೇ ಗೊತ್ತಾಗುತ್ತದೆ. ಸಿಟ್ಟು ಬರುವುದೇ ಕಡಿಮೆಯಾಗುವುದು ಕೊನೆಗೆ. ಈ ಕ್ರಮ ತಿಳಿದಿದ್ದರೆ ಎರಡನೇ ವಾರದಲ್ಲೇ ಕೈಬಿಡುವುದು ತಪ್ಪುತ್ತದೆ. ನಡುವೆ ಒಂದು ದಿನ ಕೂಗಾಡಿಬಿಟ್ಟರೆ ಮಗನ ಹತ್ತಿರ ಹೋಗಿ ತಪ್ಪಾಯಿತು ಎನ್ನಿ, ಮರುದಿನ ಅಭ್ಯಾಸ ಮುಂದುವರಿಸಿ. ನಿಮ್ಮನ್ನು ನೋಡಿ ಅವನೂ ಅದನ್ನೇ ಕಲಿಯುತ್ತಾನೆ. ಎಂಟು ವಾರವಾದ ಮೇಲೆ ಇನ್ನೂ ಅನುಮಾನ ಉಳಿದಿದ್ದರೆ ಖಂಡಿತ ಮತ್ತೆ ಬರೆಯಿರಿ.